ತಲೆ ಎಣಿಸಿ ಗೆದ್ದ ತಂಡ: ಎಲ್‌ಎಸ್‌ಯು, 2019

2012ರ ಜನವರಿ 9. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸೂಪರ್‌ಡೋಮ್ ಕ್ರೀಡಾಂಗಣ. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು, 13 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಕಾಲೇಜು ಅಮೆರಿಕನ್ ಫುಟ್‌ಬಾಲ್‌ನ ಫೈನಲ್‌ಗೆ ಬಂದಿತ್ತು. ಅಲಬಾಮಾ ಎದುರು 0–21ರಿಂದ ಸೋತಿತು. ಇಡೀ ಪಂದ್ಯದಲ್ಲಿ ಚೆಂಡನ್ನು ಮುಂದೊಯ್ದದ್ದು 92 ಯಾರ್ಡ್. ಮೈದಾನದ ನಡುಗೆರೆ ದಾಟಿದ್ದು ಒಂದೇ ಸಲ.

ಎಂಟು ವರ್ಷದ ನಂತರ, 2020ರ ಜನವರಿ 13ರಂದು, ಅದೇ ಸೂಪರ್‌ಡೋಮ್‌ನಲ್ಲಿ ಅದೇ ಎಲ್‌ಎಸ್‌ಯು ಕ್ಲೆಮ್ಸನ್ ತಂಡವನ್ನು 42–25ರಿಂದ ಸೋಲಿಸಿತು. 2019ರ ಆ ಸೀಸನ್‌ನಲ್ಲಿ ಆಡಿದ್ದು 15, ಗೆದ್ದದ್ದು 15, ಗಳಿಸಿದ್ದು 726 ಅಂಕ. ಆ ಮಟ್ಟದ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದೇ ಸೀಸನ್‌ಗೆ ಅಷ್ಟು ಅಂಕ ಅಲ್ಲಿಯವರೆಗೆ ಯಾರೂ ಗಳಿಸಿರಲಿಲ್ಲ. ಎಲ್‌ಎಸ್‌ಯುನ ಈ ಎರಡೂ ತಂಡಗಳಲ್ಲಿ ಪ್ರತಿಭೆಗೇನೂ ಬರವಿರಲಿಲ್ಲ. ನಡುವೆ ಬದಲಾದದ್ದು ಒಂದು ಲೆಕ್ಕ, ತಲೆ ಎಣಿಸುವ ಲೆಕ್ಕ. ಇವತ್ತು ಅದನ್ನು ಬಿಡಿಸಿ ನೋಡೋಣ.

ಮೊದಲು ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, 100 ಯಾರ್ಡ್ ಉದ್ದದ ಮೈದಾನ, ಎರಡೂ ತುದಿಗೆ ಹತ್ತತ್ತು ಯಾರ್ಡಿನ ಎಂಡ್ ಝೋನ್. ಚೆಂಡು ಹಿಡಿದು ಆ ಝೋನ್ ಸೇರಿದರೆ ಟಚ್‌ಡೌನ್, 6 ಅಂಕ. ಅದರ ಮೇಲೆ ಒದ್ದು 1 ಅಂಕ ಗಳಿಸಬಹುದು, ಇಲ್ಲವೇ ಇನ್ನೊಮ್ಮೆ ನುಗ್ಗಿ 2. ದೂರದಿಂದಲೇ ಕಂಬಗಳ ನಡುವೆ ಒದ್ದರೆ 3. ದಾಳಿ ಮಾಡುವ ತಂಡಕ್ಕೆ 10 ಯಾರ್ಡ್ ಸಾಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಎಂದು ಹೆಸರು. ನಾಲ್ಕನೆಯದನ್ನು ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಲು ಬಳಸುತ್ತಾರೆ. ಹಾಗಾಗಿ ನಿಜವಾದ ಪರೀಕ್ಷೆ ಮೂರನೆಯ ಡೌನ್. ಕಬಡ್ಡಿ ನೋಡುವವರಿಗೆ ಇದು ಸುಲಭ: ಎರಡು ಖಾಲಿ ರೇಡ್ ಆದ ಮೇಲೆ ಬರುವ ಡೂ ಆರ್ ಡೈ ರೇಡ್ ಇದ್ದಹಾಗೆ.

ಈಗ ಲೆಕ್ಕ. ಎರಡೂ ಕಡೆ 11 ಜನ. ದಾಳಿಯ 11ರಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್, ಚೆಂಡು ಮೊದಲು ಅವನ ಕೈಗೆ. ಐದು ಜನ ಲೈನ್‌ಮನ್‌ಗಳು, ಕೋಟೆಗೋಡೆಯಂಥ ಆಳುಗಳು. ಇವರಿಗೆ ಪಾಸ್ ಹಿಡಿಯುವ ಹಕ್ಕಿಲ್ಲ. ಉಳಿದ ಐವರು ಹಿಡಿಯಬಹುದು. ಕ್ವಾರ್ಟರ್‌ಬ್ಯಾಕ್ ತಾನು ಓಡುವುದಿಲ್ಲ ಅಂದುಕೊಂಡರೆ ದಾಳಿಯಲ್ಲಿ ಕೆಲಸಕ್ಕೆ ಬರುವವರು 10, ರಕ್ಷಣೆಯಲ್ಲಿ 11. ಅಂದರೆ ರಕ್ಷಣೆಗೆ ಯಾವಾಗಲೂ ಒಂದು ತಲೆ ಹೆಚ್ಚು. ಆ ಹೆಚ್ಚಿನ ಒಬ್ಬನನ್ನು ಎಲ್ಲಿ ನಿಲ್ಲಿಸಿದ್ದಾರೆ ಅನ್ನುವುದನ್ನು ಪತ್ತೆ ಮಾಡಿ, ಅವನಿಲ್ಲದ ಕಡೆ ಚೆಂಡು ಕಳಿಸುವುದೇ ಈ ಆಟದ ಅರ್ಧ ವಿದ್ಯೆ.

ಹಳೆಯ ಎಲ್‌ಎಸ್‌ಯು ಐವರಲ್ಲಿ ಇಬ್ಬರು ಮೂವರನ್ನು ಲೈನ್‌ನ ಪಕ್ಕ, ಹಿಂದೆ ಒತ್ತೊತ್ತಾಗಿ ನಿಲ್ಲಿಸಿ, ಗುದ್ದಿಕೊಂಡು ಓಡುವ ಆಟ ಆಡುತ್ತಿತ್ತು. ಎಸೆಯಬೇಕಾದಾಗ ಏಳು ಜನ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುತ್ತಿದ್ದರು, ಮೂವರು ಮಾತ್ರ ಪಾಸ್ ಹಿಡಿಯಲು ಓಡುತ್ತಿದ್ದರು. ಎದುರಾಳಿ ನಾಲ್ವರನ್ನು ನುಗ್ಗಿಸಿ ಏಳು ಜನರನ್ನು ಹಿಂದೆ ಬಿಟ್ಟರೆ ಮೂವರ ಮೇಲೆ ಏಳು ಕಾವಲು. ಎಸೆಯುವವನು ಎಷ್ಟು ದೊಡ್ಡ ನಿಪುಣನಾದರೂ ಏನು ಮಾಡಿಯಾನು? ಕಾವಲು ಚೆನ್ನಾಗಿದ್ದ ಅಲಬಾಮಾ ಎದುರು ಆ 2012ರ ಫೈನಲ್ ಸೇರಿ ಸತತ ಎಂಟು ಸೋಲು. 2016ರಲ್ಲಿ 0–10. 2018ರಲ್ಲಿ ತವರಿನಲ್ಲೇ 0–29.

2018ರ ಆ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಬರೋ ಇದ್ದ, ಇದನ್ನು ಜನ ಮರೆಯುತ್ತಾರೆ. ಒಹಾಯೋ ಸ್ಟೇಟ್‌ನಲ್ಲಿ ಆಡುವ ಅವಕಾಶ ಸಿಗದೆ, ಮೂರು ವರ್ಷದಲ್ಲಿ ಪದವಿ ಮುಗಿಸಿ ಎಲ್‌ಎಸ್‌ಯುಗೆ ಬಂದವನು. ಪದವಿ ಮುಗಿಸಿದವರು ಕಾಲೇಜು ಬದಲಿಸಿದರೆ ಒಂದು ವರ್ಷ ಕಾಯದೆ ಕೂಡಲೇ ಆಡಬಹುದಿತ್ತು. 2018ರಲ್ಲಿ ಅವನ ಎಸೆತಗಳಲ್ಲಿ ಗುರಿ ಮುಟ್ಟಿದ್ದು ಶೇಕಡಾ 57.8, ಟಚ್‌ಡೌನ್ ಪಾಸ್ 16. ಸಾಧಾರಣ ಅಂಕಿ. 2019ರಲ್ಲಿ ಅದೇ ಹುಡುಗ 527 ಎಸೆತಗಳಲ್ಲಿ 402 ಮುಟ್ಟಿಸಿದ, ಶೇಕಡಾ 76.3. ಒಟ್ಟು 5,671 ಯಾರ್ಡ್, 60 ಟಚ್‌ಡೌನ್ ಪಾಸ್, ಎದುರಾಳಿಯ ಕೈಗೆ ಕೊಟ್ಟದ್ದು ಆರೇ ಆರು. ತೋಳು ಒಂದು ವರ್ಷದಲ್ಲಿ ಹಾಗೆ ಬದಲಾಗುವುದಿಲ್ಲ. ಅವನ ಮುಂದೆ ಹರಡಿದ್ದ ಚಿತ್ರ ಬದಲಾಗಿತ್ತು.

ಬದಲಿಸಿದವರು ಯಾರು? ಮುಖ್ಯ ಕೋಚ್ ಎಡ್ ಓರ್ಜೆರಾನ್ ಲೂಸಿಯಾನಾದವರೇ, ಬೈಯು ಸೀಮೆಯ ಲರೋಸ್ ಊರಿನವರು. ಜಲ್ಲಿ ಅರೆಯುವಂಥ ದನಿ. ಆಕ್ರಮಣದ ಉಸ್ತುವಾರಿ ಸ್ಟೀವ್ ಎನ್ಸ್‌ಮಿಂಗರ್ ಹಳಬರು, ಇದೇ ಕಾಲೇಜಿನ ಹಿಂದಿನ ಕ್ವಾರ್ಟರ್‌ಬ್ಯಾಕ್. 2019ರ ಜನವರಿಯಲ್ಲಿ ಓರ್ಜೆರಾನ್ ಇವರ ಪಕ್ಕಕ್ಕೆ ವೃತ್ತಿಪರ ತಂಡ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಲ್ಲಿ ಕೆಳಹಂತದ ಸಹಾಯಕನಾಗಿದ್ದ 29 ವರ್ಷದ ಜೋ ಬ್ರೇಡಿಯನ್ನು ತಂದು ಕೂರಿಸಿದರು. ಅರವತ್ತರ ಹತ್ತಿರದ ಕೋಚ್ ಮಗನ ವಯಸ್ಸಿನವನ ಜೊತೆ ಆಟದ ಯೋಜನೆಗಳ ಪುಸ್ತಕ ಹಂಚಿಕೊಳ್ಳಬೇಕು. ಎನ್ಸ್‌ಮಿಂಗರ್ ಹಂಚಿಕೊಂಡರು, ಪಂದ್ಯದ ವೇಳೆ ಆಟ ಕರೆಯುವ, ಅಂದರೆ ಮುಂದಿನ ದಾಳಿ ಯಾವುದೆಂದು ಹೇಳುವ, ಕೆಲಸವನ್ನೂ ನಡೆಸಿದರು. ವರ್ಷದ ಶ್ರೇಷ್ಠ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಬ್ರೇಡಿಗೆ ಹೋಯಿತು. ನನ್ನ ಮಟ್ಟಿಗೆ ಅದರ ಅರ್ಧ ಈ ಹಳಬರದು.

ಹೊಸ ಚಿತ್ರ ಹೀಗಿತ್ತು. ಐವರನ್ನೂ ಹರಡು. ಐವರೂ ಓಡಲಿ. ಐದು ಲೈನ್‌ಮನ್‌ಗಳೇ ಕಾಯಲಿ, ಹೆಚ್ಚಿನ ಕಾವಲು ಬೇಡ. ಈಗ ಎದುರಾಳಿಯ ಮುಂದೆ ಮೂರು ದಾರಿ. ನಾಲ್ವರನ್ನು ನುಗ್ಗಿಸಿದರೆ ಐವರ ಮೇಲೆ ಏಳು ಕಾವಲು. ಇಬ್ಬರು ಹೆಚ್ಚು, ಆದರೆ ಅವರು 53 ಯಾರ್ಡ್ ಅಗಲವನ್ನು ಮುಚ್ಚಬೇಕು. ಐವರನ್ನು ನುಗ್ಗಿಸಿದರೆ ಐವರ ಮೇಲೆ ಆರು. ಆರು ಜನರನ್ನು ನುಗ್ಗಿಸಿದರೆ ಐವರ ಮೇಲೆ ಐದು, ಹಿಂದೆ ಹದ್ದಿನ ಕಣ್ಣಿನ ಸೇಫ್ಟಿ, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ಕಾವಲುಗಾರ, ಒಬ್ಬನೂ ಇಲ್ಲ. ಆದರೆ ಆಗ ಆರನೆಯವನನ್ನು ತಡೆಯಲು ಲೈನ್‌ನಲ್ಲಿ ಆಳಿಲ್ಲ. ಅವನು ಎರಡೂವರೆ ಸೆಕೆಂಡಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಎದೆಯ ಮೇಲಿರುತ್ತಾನೆ. ಅಷ್ಟರಲ್ಲಿ ಚೆಂಡು ಕೈಬಿಡಬೇಕು.

ಎಡವಟ್ಟಾಗುವುದು ಇಲ್ಲೇ. ನುಗ್ಗಲು ಬಂದವನು ಬಿಟ್ಟ ಜಾಗ ಯಾವುದು ಎನ್ನುವುದನ್ನು ಕ್ವಾರ್ಟರ್‌ಬ್ಯಾಕ್ ಮತ್ತು ಪಾಸ್ ಹಿಡಿಯುವ ರಿಸೀವರ್ ಇಬ್ಬರೂ ಒಂದೇ ಥರ ಓದಬೇಕು. ಇವನು ಒಳಗೆ ತಿರುಗುತ್ತಾನೆ ಎಂದು ಎಸೆದು, ಅವನು ನೇರ ಓಡಿಬಿಟ್ಟರೆ ಚೆಂಡು ಎದುರಾಳಿಯ ಕೈಗೆ. ಹೊಸ ಪುಸ್ತಕ ತಂದ ಕಾಲೇಜು ತಂಡಗಳು ಮೊದಲ ವರ್ಷ ಮುಗ್ಗರಿಸುವುದು ಹೆಚ್ಚಾಗಿ ಈ ತಪ್ಪಿನಿಂದ. ಕಾಲೇಜಿನಲ್ಲಿ ಸೀಸನ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ. ಅದರಲ್ಲೇ ಮೈದಾನ, ಕಸರತ್ತು, ವಿಡಿಯೊ ಎಲ್ಲ. ಓರ್ಜೆರಾನ್ ದಿನಗಳಿಗೆ ಹೆಸರಿಟ್ಟಿದ್ದರು: ಸತ್ಯ ಹೇಳುವ ಸೋಮವಾರ, ಪೈಪೋಟಿಯ ಮಂಗಳವಾರ, ಚೆಂಡು ಕಸಿಯುವ ಬುಧವಾರ, ಮರುಪಾಠವಿಲ್ಲದ ಗುರುವಾರ, ಏಕಾಗ್ರತೆಯ ಶುಕ್ರವಾರ. ಕೇಳಲು ಶಾಲೆಯ ಗೋಡೆಬರಹದ ಹಾಗಿದೆ, ನಗು ಬರುತ್ತದೆ. ಆದರೆ ಗುರುವಾರದ ನಿಯಮ ನೋಡಿ: ಯಾವ ಆಟವನ್ನೂ ಎರಡನೆಯ ಸಲ ಮಾಡಿ ತೋರಿಸುವ ಅಗತ್ಯ ಬೀಳಬಾರದು. ಗಂಟೆ ಎಣಿಸಿ ಕಲಿಸುವವರಿಗೆ ಅದು ಸರಿಯಾದ ಅಳತೆಗೋಲು.

ಇನ್ನು ಆಳುಗಳು. ಯಾರನ್ನು ಎಲ್ಲಿ ನಿಲ್ಲಿಸಿದರು ಎನ್ನುವುದು ಮುಖ್ಯ. ಕಾಲೇಜು ಮೈದಾನದ ಅಗಲ 160 ಅಡಿ. ಒಳಗಿನ ಎರಡು ಸಾಲು ಹ್ಯಾಶ್ ಗುರುತುಗಳ ನಡುವೆ 40 ಅಡಿ; ಪ್ರತಿ ಆಟ ಶುರುವಾಗುವುದು ಇವುಗಳ ಮೇಲೆ ಇಲ್ಲವೇ ನಡುವೆ. ವೃತ್ತಿಪರ ಮೈದಾನದಲ್ಲಿ ಆ ಅಂತರ 18 ಅಡಿ ಚಿಲ್ಲರೆ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಹ್ಯಾಶ್ ಮೇಲಿದ್ದರೆ ಒಂದು ಕಡೆ 60 ಅಡಿ, ಇನ್ನೊಂದು ಕಡೆ 100 ಅಡಿ. ಕಿರಿದಾದ ಕಡೆ ರಿಸೀವರ್ ಜಮಾರ್ ಚೇಸ್‌ನನ್ನು ಒಂಟಿಯಾಗಿ ನಿಲ್ಲಿಸುತ್ತಿದ್ದರು. ಒಬ್ಬನ ಮೇಲೆ ಒಬ್ಬ ಎಂದಾದರೆ ಅವನನ್ನು ತಡೆಯುವವರು ಆ ವರ್ಷ ಕಡಿಮೆ. ಅವನು ಹಿಡಿದದ್ದು 84, ಯಾರ್ಡ್ 1,780, ಟಚ್‌ಡೌನ್ 20. ಅವನಿಗೆ ಇಬ್ಬರನ್ನು ಕಾವಲು ಹಾಕಿದರೋ, 100 ಅಡಿಯ ಕಡೆ ಒಬ್ಬ ಕಡಿಮೆ. ಅಲ್ಲಿ ಒಳಸಾಲಿನಲ್ಲಿ ಜಸ್ಟಿನ್ ಜೆಫರ್ಸನ್. ಹೊರಸಾಲಿನಲ್ಲಿ ಆಡುತ್ತಿದ್ದವನನ್ನು 2019ರಲ್ಲಿ ಒಳಗೆ ತಂದರು. ಅಲ್ಲಿ ಅವನಿಗೆ ಎದುರಾಗುವವರು ಅಂಚು ಕಾಯುವ ವೇಗದ ಕಾರ್ನರ್‌ಗಳ ಬದಲು ಸೇಫ್ಟಿಗಳು, ರಕ್ಷಣೆಯ ಮುಂಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳು. 111 ಹಿಡಿತ, 1,540 ಯಾರ್ಡ್, 18 ಟಚ್‌ಡೌನ್. ಮೂರನೆಯವನು ಟೆರೇಸ್ ಮಾರ್ಷಲ್, ಪಾದದ ಪೆಟ್ಟಿನಿಂದ ಮೂರು ಪಂದ್ಯ ತಪ್ಪಿಸಿಕೊಂಡೂ 13 ಟಚ್‌ಡೌನ್.

ಈ ಎಲ್ಲರಿಗಿಂತ ಲೆಕ್ಕಕ್ಕೆ ಬೆಲೆಯುಳ್ಳವನು ಓಟಗಾರ ಕ್ಲೈಡ್ ಎಡ್ವರ್ಡ್ಸ್-ಹೆಲೇರ್. ಗಿಡ್ಡ, ಗಟ್ಟಿ ಮೈ. ಓಡಿ 1,414 ಯಾರ್ಡ್, ಪಾಸ್ ಹಿಡಿದದ್ದು 55. ಅವನು ಎರಡೂ ಬಲ್ಲವನಾದ್ದರಿಂದ ಎದುರಾಳಿ ಭಾರೀ ಆಳುಗಳನ್ನು ಕರೆತಂದರೆ ಅವನನ್ನು ಬದಿಗೆ ಹರಡಿ ಎಸೆಯುತ್ತಿದ್ದರು. ಹಗುರ ಆಳುಗಳನ್ನು ಕರೆತಂದರೆ ಚೆಂಡು ಕೊಟ್ಟು ಓಡಿಸುತ್ತಿದ್ದರು. ಆಳು ಬದಲಿಸದೆಯೇ ಆಟ ಬದಲಾಗುತ್ತಿತ್ತು.

ಒಂದೇ ಆಟದಲ್ಲಿ ಎರಡನ್ನೂ ಹೆಣೆದದ್ದು ಆರ್‌ಪಿಒ, ಅಂದರೆ ಓಟವೋ ಎಸೆತವೋ ಎಂಬುದನ್ನು ಕೊನೇ ಗಳಿಗೆಗೆ ಬಿಡುವುದು. ಲೈನ್‌ಮನ್‌ಗಳು ಓಟಕ್ಕೆಂದೇ ಮುನ್ನುಗ್ಗುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು ಒಬ್ಬ ಲೈನ್‌ಬ್ಯಾಕರ್‌ನ ಮೇಲೆ ಕಣ್ಣಿಡುತ್ತಾನೆ. ಅವನು ಓಟ ತಡೆಯಲು ಮುಂದೆ ಬಂದರೆ ಅವನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಎಸೆತ. ನಿಂತಲ್ಲೇ ನಿಂತರೆ ಚೆಂಡು ಓಟಗಾರನಿಗೆ. ಪಾಸ್ ಹೋಗುವಾಗ ಲೈನ್‌ಮನ್ ಕಾಲೇಜಿನಲ್ಲಿ 3 ಯಾರ್ಡ್‌ವರೆಗೆ ಮುಂದಿರಬಹುದು, ವೃತ್ತಿಪರರಲ್ಲಿ 1 ಯಾರ್ಡ್ ಮಾತ್ರ. ಆ ಎರಡು ಯಾರ್ಡಿನ ಸಡಿಲದಿಂದಲೇ ಈ ಆಟ ಕಾಲೇಜಿನಲ್ಲಿ ಇಷ್ಟು ವಿಷಕಾರಿ. ಕಬಡ್ಡಿಯಲ್ಲಿ ಬೋನಸ್ ಗೆರೆಗೆ ಕಾಲು ಚಾಚಿ, ಕಾರ್ನರ್‌ನವನು ಕದಲಿದನೋ ಇಲ್ಲವೋ ನೋಡಿ ಕೈ ಬೀಸುವ ರೇಡರ್‌ನನ್ನು ನೆನೆಸಿಕೊಳ್ಳಿ.

ಇನ್ನು ಪಂದ್ಯಗಳು. ಎಲ್ಲವನ್ನೂ ಹೇಳುವುದಿಲ್ಲ, 55–3, 65–14 ಥರದವುಗಳಿಂದ ಕಲಿಯುವುದೇನಿಲ್ಲ.

ಸೆಪ್ಟೆಂಬರ್ 7, ಆಸ್ಟಿನ್, ಟೆಕ್ಸಸ್ ಎದುರು. ಎಲ್‌ಎಸ್‌ಯು 37–31 ಮುಂದಿದೆ, ಎರಡೂವರೆ ನಿಮಿಷದಷ್ಟು ಬಾಕಿ, ಮೂರನೆಯ ಡೌನ್, ಬೇಕಾದದ್ದು 17 ಯಾರ್ಡ್. ಹಳೆಯ ಎಲ್‌ಎಸ್‌ಯು ಆಗಿದ್ದರೆ ಚೆಂಡು ಹಿಡಿದು ಓಡಿ, ಗಡಿಯಾರ ಕರಗಿಸಿ, ಒದ್ದು ಕೊಡುತ್ತಿತ್ತು. ಇವರು ಎಸೆತವನ್ನೇ ಕರೆದರು. ಟೆಕ್ಸಸ್ ಬ್ಲಿಟ್ಜ್ ಮಾಡಿತು, ಅಂದರೆ ಕಾವಲಿನವರನ್ನೂ ನುಗ್ಗಿಸಿತು. ಬರೋ ಒಂದು ಹೆಜ್ಜೆ ಮುಂದೆ ಸರಿದು, ಪೆಟ್ಟು ಬೀಳುವ ಮುಂಚೆ, ಅಡ್ಡ ಹಾಯುತ್ತಿದ್ದ ಜೆಫರ್ಸನ್‌ಗೆ ಎಸೆದ. 61 ಯಾರ್ಡ್, ಟಚ್‌ಡೌನ್, ಮೇಲೆ 2 ಅಂಕ. 45–38ರಲ್ಲಿ ಪಂದ್ಯ ಮುಗಿಯಿತು. ಒಬ್ಬ ಹೆಚ್ಚು ನುಗ್ಗಿದರೆ ಹಿಂದೆ ಒಬ್ಬ ಕಡಿಮೆ ಎಂಬ ಲೆಕ್ಕಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಆ ಸೀಸನ್‌ನಲ್ಲಿಲ್ಲ. ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು: ಅದೇ ಪಂದ್ಯದ ಆರಂಭದಲ್ಲಿ ಟೆಕ್ಸಸ್ ಎಂಡ್ ಝೋನ್ ಬಾಗಿಲಲ್ಲಿ ಎರಡು ಸಲ ನಾಲ್ಕನೆಯ ಡೌನ್ ಕೈಚೆಲ್ಲಿತು, ಒಂದು ಸಲವಂತೂ ಖಾಲಿ ನಿಂತವನ ಕೈಯಿಂದ ಪಾಸ್ ಜಾರಿತು. ಅಜೇಯ ಸೀಸನ್‌ಗಳ ಒಳಗೆಲ್ಲ ಇಂಥ ಒಂದೆರಡು ಜಾರಿದ ಚೆಂಡುಗಳಿರುತ್ತವೆ.

ಅಕ್ಟೋಬರ್ 26ರ ಆಬರ್ನ್ ಪಂದ್ಯ 23–20. ಇಡೀ ವರ್ಷದಲ್ಲಿ ಅತಿ ಕಡಿಮೆ ಅಂಕ. ಆಬರ್ನ್ ಮಾಡಿದ್ದು ಬುದ್ಧಿವಂತಿಕೆಯ ಕೆಲಸ: ಲೈನ್‌ನಲ್ಲಿ ಮೂವರನ್ನೇ ನಿಲ್ಲಿಸಿ ಹಿಂದೆ ಕಾವಲು ತುಂಬಿತು. ದೂರದ ಎಸೆತಗಳೆಲ್ಲ ಮುಚ್ಚಿಹೋದವು. ಆದರೆ ಹಿಂದೆ ತುಂಬಿದರೆ ಮುಂದೆ ತೆಳು. ಎಡ್ವರ್ಡ್ಸ್-ಹೆಲೇರ್ 136 ಯಾರ್ಡ್ ಓಡಿದ. ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಸಾಗುವಾಗ ನಡುವೆ ತಪ್ಪುಗಳು ನುಸುಳುತ್ತವೆ, ಅದಕ್ಕೇ ಅಂಕ ಇಳಿಯಿತು. ಈ ತಂಡವನ್ನು ತಡೆಯುವ ದಾರಿ ಅದೊಂದೇ ಎಂದು ಆಮೇಲೆ ಎಲ್ಲರಿಗೂ ಗೊತ್ತಿತ್ತು, ಆಬರ್ನ್ ಬಳಿಯಿದ್ದಂಥ ಮೂವರು ರಕ್ಷಣಾ ಲೈನ್‌ಮನ್‌ಗಳು ಉಳಿದವರ ಬಳಿ ಇರಲಿಲ್ಲ.

ನವೆಂಬರ್ 9, ಅಲಬಾಮಾ ತವರು ಟಸ್ಕಲೂಸಾ. ಅರ್ಧ ಪಂದ್ಯಕ್ಕೆ 33–13, ಕೊನೆಗೆ 46–41. ಅಲಬಾಮಾದ ಟುವಾ ಟಾಗೊವೈಲೋವಾ ಕಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಮೂರು ವಾರದೊಳಗೆ ಆಡಲಿಳಿದು 418 ಯಾರ್ಡ್ ಎಸೆದ. ಬರೋ 39ರಲ್ಲಿ 31 ಮುಟ್ಟಿಸಿದ. ಆದರೆ ಕೊನೆಯ ಕಾಲುಭಾಗದಲ್ಲಿ ಅಲಬಾಮಾ ಹತ್ತಿರ ಬಂದಾಗಲೆಲ್ಲ ಬಾಗಿಲು ಮುಚ್ಚಿದವನು ಎಡ್ವರ್ಡ್ಸ್-ಹೆಲೇರ್. ಓಡಿ ಮೂರು, ಹಿಡಿದು ಒಂದು, ಒಟ್ಟು ನಾಲ್ಕು ಟಚ್‌ಡೌನ್. ಎಂಟು ವರ್ಷದ ಸೋಲಿನ ಸರಪಳಿ ಅಲ್ಲಿಗೆ ಕಡಿಯಿತು.

ಮರುವಾರವೇ ಲೆಕ್ಕ ಇವರ ಮೇಲೆ ತಿರುಗಿತು. ಓಲ್ ಮಿಸ್ ತಂಡದ ಜಾನ್ ರೈಸ್ ಪ್ಲಮ್ಲಿ ಎಸೆಯುವುದಕ್ಕಿಂತ ಓಡುವ ಕ್ವಾರ್ಟರ್‌ಬ್ಯಾಕ್. ನಾನು ಮೊದಲು ಹೇಳಿದ್ದನ್ನು ನೆನಪಿಸಿಕೊಳ್ಳಿ: ಕ್ವಾರ್ಟರ್‌ಬ್ಯಾಕ್ ಓಡದಿದ್ದರೆ ರಕ್ಷಣೆಗೆ ಒಂದು ತಲೆ ಹೆಚ್ಚು. ಅವನೇ ಓಡಿದರೆ 11ಕ್ಕೆ 11, ಆ ಹೆಚ್ಚಿನ ತಲೆ ಮಾಯ. ಪ್ಲಮ್ಲಿ ಒಬ್ಬನೇ 212 ಯಾರ್ಡ್ ಓಡಿದ, ಓಲ್ ಮಿಸ್ ಒಟ್ಟು 614 ಯಾರ್ಡ್ ಗಳಿಸಿತು. ಎಲ್‌ಎಸ್‌ಯು 58–37 ಗೆದ್ದದ್ದು ತನ್ನ ದಾಳಿಯ ಬಲದಿಂದ ಮಾತ್ರ. ರಕ್ಷಣೆಯ ಕೋಚ್ ಡೇವ್ ಅರಾಂಡಾ ಅವರ ಮೇಲೆ ಆ ವಾರ ಬಿದ್ದ ಬೈಗುಳ ಕಡಿಮೆಯೇನಲ್ಲ. ಎರಡೇ ವಾರದಲ್ಲಿ ಅದೇ ರಕ್ಷಣೆ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು 7 ಅಂಕಕ್ಕೆ, ನಂತರದ ವಾರ ಜಾರ್ಜಿಯಾವನ್ನು 10ಕ್ಕೆ ಕಟ್ಟಿಹಾಕಿತು. ಗಾಯಾಳುಗಳು ಚೇತರಿಸಿಕೊಂಡದ್ದು ಒಂದು ಕಾರಣ. ಎದುರಿಗಿದ್ದ ಕ್ವಾರ್ಟರ್‌ಬ್ಯಾಕ್‌ಗಳು ಪ್ಲಮ್ಲಿಯಷ್ಟು ಓಡುವವರಲ್ಲದ್ದು ಇನ್ನೊಂದು.

ಡಿಸೆಂಬರ್ 28, ಅಟ್ಲಾಂಟಾ, ಒಕ್ಲಹೋಮಾ ಎದುರು ಸೆಮಿಫೈನಲ್. ಆ ಬೆಳಿಗ್ಗೆ ವಿಮಾನ ಅಪಘಾತದಲ್ಲಿ ಎನ್ಸ್‌ಮಿಂಗರ್ ಅವರ ಸೊಸೆ ತೀರಿಕೊಂಡರು. ಸುದ್ದಿ ತಿಳಿದ ಮೇಲೂ ಅವರು ಮೇಲಿನ ಕೋಣೆಯಲ್ಲಿ ಕೂತು ಆಟ ಕರೆದರು. ಎಡ್ವರ್ಡ್ಸ್-ಹೆಲೇರ್ ತೊಡೆಯ ಸ್ನಾಯುನೋವಿನಿಂದ ಹೆಚ್ಚುಕಡಿಮೆ ಹೊರಗೇ. ಎದುರಾಳಿಯ ಒಬ್ಬ ಮುಖ್ಯ ಸೇಫ್ಟಿ ಅದೇ ವಾರ ಅಭ್ಯಾಸದಲ್ಲಿ ಮೂಳೆ ಮುರಿದುಕೊಂಡಿದ್ದ. ಒಳಸಾಲಿನ ಜೆಫರ್ಸನ್‌ಗೆ ಬೇಕಿದ್ದದ್ದು ಅದೇ ಜಾಗ. ಅರ್ಧ ಪಂದ್ಯದೊಳಗೆ ಅವನಿಗೆ ನಾಲ್ಕು ಟಚ್‌ಡೌನ್, ಬರೋ ಕೈಯಿಂದ ಏಳು. ಅರ್ಧಕ್ಕೆ 49–14, ಕೊನೆಗೆ 63–28.

ಫೈನಲ್‌ನಲ್ಲಿ ಕ್ಲೆಮ್ಸನ್ ಸತತ 29 ಪಂದ್ಯ ಗೆದ್ದು ಬಂದಿತ್ತು. ಅವರ ರಕ್ಷಣಾ ಕೋಚ್ ಬ್ರೆಂಟ್ ವೆನಬಲ್ಸ್ ಆಬರ್ನ್‌ನ ದಾರಿಯನ್ನೇ ಇನ್ನಷ್ಟು ಮುಸುಕು ಹಾಕಿ ತಂದರು: ಯಾರು ನುಗ್ಗುತ್ತಾರೆ, ಯಾರು ಹಿಂದೆ ಸರಿಯುತ್ತಾರೆ ಎನ್ನುವುದು ಸ್ನ್ಯಾಪ್ ಆಗುವವರೆಗೆ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬರುವವರೆಗೆ, ತಿಳಿಯದ ಹಾಗೆ. ಮೊದಲ ಮೂರು ಸರದಿ ಎಲ್‌ಎಸ್‌ಯು ಒದ್ದು ಕೊಟ್ಟಿತು. 7–17 ಹಿಂದೆ ಬಿತ್ತು. ತಿರುಗಿದ್ದು ಎರಡು ಕಡೆ. ಚೇಸ್‌ನನ್ನು ಒಬ್ಬನೇ ಕಾರ್ನರ್ ಕಾಯುವಂತೆ ಬಿಟ್ಟಿದ್ದರು, ಅವನು 221 ಯಾರ್ಡ್ ಹಿಡಿದ. ಇನ್ನೊಂದು, ಬರೋನ ಕಾಲು. ಅರ್ಧವೇಳೆಗೆ ಮುಂಚಿನ 95 ಯಾರ್ಡಿನ ಸರದಿಯಲ್ಲಿ, ಎಲ್ಲರೂ ರಿಸೀವರ್‌ಗಳ ಹಿಂದೆ ಹೋಗಿ ನಡು ಬಯಲಾದಾಗ, ಅವನೇ 29 ಯಾರ್ಡ್ ಓಡಿಬಿಟ್ಟ. ಪ್ಲಮ್ಲಿ ಇವರಿಗೆ ಕಲಿಸಿದ್ದ 11ನೆಯ ತಲೆಯ ಪಾಠವನ್ನು ಇವರು ಕ್ಲೆಮ್ಸನ್‌ಗೆ ಒಪ್ಪಿಸಿದರು. ವಿರಾಮಕ್ಕೆ 28–17.

ಲೈನ್ ಬಗ್ಗೆ ಒಂದು ಮಾತು ಬಾಕಿ. ದೇಶದ ಶ್ರೇಷ್ಠ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಆ ವರ್ಷ ಈ ಐವರಿಗೆ ಬಂತು. ನಡುವಿನ ಲಾಯ್ಡ್ ಕುಶೆನ್‌ಬೆರಿಗೆ ತಂಡದಲ್ಲಿ ಗೌರವದ ಸಂಖ್ಯೆಯಾದ 18 ಸಂದಿತ್ತು, ಆದರೆ ಲೈನ್‌ಮನ್ ಆ ಸಂಖ್ಯೆಯ ಅಂಗಿ ತೊಡುವಂತಿಲ್ಲ. ಎದೆಯ ಮೇಲೆ ಚಿಕ್ಕ ಪಟ್ಟಿಯಾಗಿ ಹೊಲಿಸಿಕೊಂಡ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯ ಮತಗಳಲ್ಲಿ 841 ಮೊದಲ ಮತ ಬರೋಗೆ ಬಿದ್ದವು, ದಾಖಲೆಯ ಅಂತರ. ಐದೇ ಜನ ಕಾಯಬಲ್ಲರು ಎಂಬ ನಂಬಿಕೆ ಇಲ್ಲದಿದ್ದರೆ ಐವರನ್ನು ಹರಡುವ ಮಾತೇ ಹುಟ್ಟುತ್ತಿರಲಿಲ್ಲ.

ಮುಂದೇನಾಯಿತು? 2020ರ ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಈ ಒಂದೇ ಕಾಲೇಜಿನಿಂದ 14 ಜನರನ್ನು ಆರಿಸಿಕೊಂಡವು, ಮೊದಲ ಸುತ್ತಿನಲ್ಲೇ ಐವರು, ಮೊದಲ ಹೆಸರೇ ಬರೋ. ಬ್ರೇಡಿ ವೃತ್ತಿಪರ ತಂಡಕ್ಕೆ, ಅರಾಂಡಾ ಬೇಲರ್‌ಗೆ. ಚೇಸ್ ಆ ವರ್ಷ ಆಡುವುದಿಲ್ಲ ಎಂದ. ಸೆಪ್ಟೆಂಬರ್ 26ರಂದು ಕೋವಿಡ್ ನಿರ್ಬಂಧದ ನಡುವೆ ಬೇಟನ್ ರೂಜ್‌ನ ತವರು ಮೈದಾನದಲ್ಲಿ ಮೊದಲ ಪಂದ್ಯ, ಎದುರಾಳಿ ಮಿಸಿಸಿಪಿ ಸ್ಟೇಟ್. ಅವರ ಹೊಸ ಕೋಚ್ ಮೈಕ್ ಲೀಚ್, ದಶಕಗಳಿಂದ ಹರಡಿ ಎಸೆಯುವ ಆಟವನ್ನೇ ಆಡಿಸಿಕೊಂಡು ಬಂದವರು. ಎಲ್‌ಎಸ್‌ಯುನ ಅತ್ಯುತ್ತಮ ಕಾರ್ನರ್ ಡೆರೆಕ್ ಸ್ಟಿಂಗ್ಲಿ ಅಸ್ವಸ್ಥನಾಗಿ ಹೊರಗಿದ್ದ. ಆದರೂ ಹೊಸ ರಕ್ಷಣಾ ಕೋಚ್ ಒಬ್ಬರ ಮೇಲೆ ಒಬ್ಬರ ಕಾವಲನ್ನು ಇಡೀ ಮಧ್ಯಾಹ್ನ ಬಿಡಲಿಲ್ಲ. ಅಡ್ಡ ಹಾಯುವ ಐದು ರಿಸೀವರ್‌ಗಳ ಹಿಂದೆ ಐದು ಜನ ಓಡಿ ಓಡಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಮಿಸಿಸಿಪಿ ಸ್ಟೇಟ್‌ನ ಕೆ.ಜೆ. ಕಾಸ್ಟೆಲ್ಲೊ 623 ಯಾರ್ಡ್ ಎಸೆದು, ಎರಡೂ ತಂಡಗಳಿರುವ ಎಸ್‌ಇಸಿ ಲೀಗಿನ ದಾಖಲೆ ಮುರಿದ. ಬರೋ ಕೂಡ ಒಂದು ಪಂದ್ಯದಲ್ಲಿ ಅಷ್ಟು ಎಸೆದಿರಲಿಲ್ಲ. ಹಿಂದಿನ ವರ್ಷದ ಚಾಂಪಿಯನ್ನರು 34–44ರಿಂದ ಸೋತರು.